ಪಕ್ಕದವರು ನೆಲ ಅಗೆಯುವ ಮುಂಚೆ

ಪಕ್ಕದ ಮನೆಯ ಇಮೋಜೆನ್ ಥ್ಯಾಕ್ರೆ ಕೇಕ್ ಹಿಡಿದು ಬಂದಾಗಲೇ ಅಪ್ಪನಿಗೆ ಅನುಮಾನ ಬಂತು. ಅದಕ್ಕೆ ಮುಂಚೆ ಆಕೆ ನಮ್ಮ ಬಾಗಿಲು ತಟ್ಟಿದ್ದು ಒಂದೇ ಸಲ, ಅದೂ ಕಸದ ಡಬ್ಬಿಯ ಜಗಳಕ್ಕೆ.

"ಮನೆ ಕೆಳಗೆ ನೆಲಮಾಳಿಗೆ ತೋಡಿಸ್ತಾ ಇದೀವಿ, ಮಿಸ್ಟರ್ ಗ್ಯಾರಿಟಿ. ಮೂರನೇ ಮಗು ಬರ್ತಿದೆ. ದೊಡ್ಡ ಮನೆ ತಗೊಂಡ್ರೆ ತೆರಿಗೆಗೇ ಒಂದು ಲಕ್ಷ ಪೌಂಡ್ ಹೋಗತ್ತೆ. ಇದು ಮೂರು ಲಕ್ಷದಲ್ಲಿ ಮುಗಿಯತ್ತೆ, ಮನೆ ಬೆಲೆನೂ ಏರತ್ತೆ."

"ಯಾರ ಮನೆ ಬೆಲೆ?" ಎಂದ ಅಪ್ಪ.

ಆಕೆ ಹೋದಮೇಲೂ ಅವನು ಕೇಕ್ ಮುಟ್ಟಲಿಲ್ಲ. ತಿಂದರೆ ಒಪ್ಪಿದ ಹಾಗಂತೆ. ನಾನು ತಿಂದೆ.

ದಕ್ಷಿಣ ಲಂಡನ್ನಿನ ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಮಗೂ ಥ್ಯಾಕ್ರೆಗಳಿಗೂ ನಡುವೆ ಇರುವುದು ಒಂದೇ ಗೋಡೆ. ಅವರು ಅದರ ಬುಡವನ್ನೇ ಅಗೆದು ಕಾಂಕ್ರೀಟ್ ತುಂಬಬೇಕು. ಜೀವಮಾನವೆಲ್ಲ ಬಸ್ ಓಡಿಸಿ ಅಪ್ಪ ಉಳಿಸಿಕೊಂಡದ್ದು ಈ ಮನೆಯೊಂದನ್ನೇ. ಗೋಡೆ ಹೋದರೆ ಅವನಿಗೆ ಬೇರೇನೂ ಇಲ್ಲ.

ಅಂತರ್ಜಲ, ಲಾರಿ, ಧೂಳು ಎಂದು ಅಪ್ಪ ಕೌನ್ಸಿಲ್‌ಗೆ ತಕರಾರು ಬರೆದ. ಕೌನ್ಸಿಲ್ ಅನುಮತಿ ಕೊಟ್ಟಿತು. ಗೋಡೆಯ ವಿಷಯ ನೀವು ನೀವೇ ನೋಡಿಕೊಳ್ಳಿ, ಅದು ನಮಗೆ ಸಂಬಂಧಿಸಿದ್ದಲ್ಲ ಎಂದಿತು.

"ಯಾರಿಗೋ ತಿನ್ನಿಸಿದಾರೆ."

"ಎಲ್ರೂ ನಿನ್ನ ಹಾಗೆ ಕೇಕ್ ಬಿಟ್ಟು ಕೂರಲ್ಲ ಅಪ್ಪ."

ಕಾನೂನಿನ ಪ್ರಕಾರ ನಮ್ಮ ಪರವಾಗಿ ಕಟ್ಟಡ ಪರೀಕ್ಷಿಸುವ ಒಬ್ಬ ಸರ್ವೇಯರ್ ಬರುತ್ತಾನೆ. ಅವನಿಗೆ ಹಣ ಕೊಡುವವರು ಮಾತ್ರ ಅಗೆಯುವವರು. ಇದು ಅಪ್ಪನಿಗೆ ಅರಗಲಿಲ್ಲ.

"ಅವರ ದುಡ್ಡು ತಿಂದು ನಮ್ಮ ಪರ ಮಾತಾಡ್ತಾನಾ? ಅನ್ನ ಹಾಕಿದವರಿಗೇ ಕಣೇ ನಾಯಿ ಬಾಲ ಅಲ್ಲಾಡ್ಸೋದು."

ಆರ್ಮರಾಡ್ ಎಂಬ ಆ ಸರ್ವೇಯರ್ ಮನೆಯ ಹಳೆಯ ಬಿರುಕುಗಳ ಫೋಟೋ ತೆಗೆಯುವವನಿದ್ದ. ಅಗೆತದ ನಂತರ ಹೊಸದೇನಾದರೂ ಕಂಡರೆ ಥ್ಯಾಕ್ರೆಗಳೇ ರಿಪೇರಿ ಮಾಡಿಸಿಕೊಡಬೇಕು. ಅವನು ಬರುವ ದಿನ ಬೆಳಿಗ್ಗೆ ನೋಡಿದರೆ ಅಪ್ಪನ ಕೋಣೆಯ ದೊಡ್ಡ ಬೀರು ಜಾಗ ಬದಲಿಸಿ ಆ ಗೋಡೆಗೆ ಒರಗಿ ನಿಂತಿತ್ತು. ಹಿಂದೆ ಏನಿದೆಯೆಂದು ನನಗೆ ಗೊತ್ತು. ನೆಲದಿಂದ ಸೂರಿನವರೆಗೆ, ಬೆರಳು ತೂರುವಷ್ಟು ಅಗಲದ ಬಿರುಕು.

"ಇದನ್ಯಾಕೆ ಇಲ್ಲಿಗೆ ತಂದೆ?"

"ಅಲ್ಲಿ ಬಿಸಿಲು ಬೀಳ್ತಿತ್ತು. ಬಟ್ಟೆ ಬಣ್ಣ ಹೋಗತ್ತೆ."

"ನಿನ್ನ ಬಟ್ಟೆಗೆ ಹೋಗೋಕೆ ಬಣ್ಣ ಎಲ್ಲಿದೆ?"

"ಸುಮ್ನಿರೇ. ಫೋಟೋದಲ್ಲಿ ಇಲ್ಲದ ಬಿರುಕು ಅವರ ಬಿರುಕು."

ಆರ್ಮರಾಡ್ ಕೂದಲೆಳೆಯಂಥ ಗೆರೆಗಳನ್ನೂ ಬಿಡದೆ ಫೋಟೋ ತೆಗೆದ. ಬೀರುವಿನ ಮುಂದೆ ನಿಂತ.

"ಇದನ್ನ ಸ್ವಲ್ಪ ಸರಿಸಬಹುದಾ?"

"ನನಗೆ ಬೆನ್ನು ನೋವು."

"ನಾನೇ ಸರಿಸ್ತೀನಿ ಬಿಡಿ."

"ಒಳಗೆ ತೀರಿಹೋದ ನನ್ನ ಹೆಂಡತಿಯ ಪಿಂಗಾಣಿ ಇದೆ. ಒಡೆದ್ರೆ ಯಾರು ಕೊಡ್ತಾರೆ, ನೀವಾ, ನಿಮ್ಮ ಧಣಿಗಳಾ?"

ಅವನು ಬೀರುವನ್ನು ಬಿಟ್ಟು ಹೊರಟ. ಬಾಗಿಲವರೆಗೆ ಹೋಗಿ ನಾನೇ ಕೇಳಿದೆ, ಒಂದು ಬಿರುಕು ತಪ್ಪಿಹೋದರೆ ಏನಾಗುತ್ತದೆ ಎಂದು.

"ಸಣ್ಣದಾದ್ರೆ ಆಮೇಲೆ ಜಗಳ ಆಗತ್ತೆ. ದೊಡ್ಡದಾದ್ರೆ ಗೋಡೆ ಆಗಲೇ ಕುಸೀತಿದೆ ಅಂತ. ಅದು ಗೊತ್ತಿಲ್ಲದೆ ಬುಡ ಅಗೆದ್ರೆ ಗೋಡೆ ನಿಲ್ಲತ್ತೆ ಅಂತ ನಾನು ಹೇಳಲ್ಲ."

ಅಪ್ಪನಿಗೆ ಹೇಳಿದೆ.

"ಹೆದರಿಸ್ತಾನೆ. ಅವರು ಹೇಳ್ಕೊಟ್ಟು ಕಳ್ಸಿರ್ತಾರೆ."

ಕೆಲಸ ಶುರುವಾಗುವುದು ಸೋಮವಾರ. ಶುಕ್ರವಾರ ಔಷಧಿ ಅಂಗಡಿಯ ಕೆಲಸ ಮುಗಿಸಿ ನೇರವಾಗಿ ಇಮೋಜೆನ್ ಮನೆಗೆ ಹೋಗಿ ಬಿರುಕಿನ ವಿಷಯ ಹೇಳಿದೆ. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು.

"ಎಷ್ಟು ಬೇಕಂತೆ ನಿಮ್ಮಪ್ಪನಿಗೆ?"

"ಏನೂ ಬೇಡ. ಬಂದು ನೋಡಿ ಅಷ್ಟೇ."

"ಕೌನ್ಸಿಲ್‌ನಲ್ಲಿ ಆಗಲಿಲ್ಲ, ಈಗ ಬಿರುಕು ಹುಟ್ಟಿಕೊಳ್ತು. ಕೆಲಸ ನಿಂತ್ರೆ ದಿನದ ಲೆಕ್ಕದಲ್ಲಿ ಕೂಲಿ ಕಟ್ಟೋಳು ನಾನು. ನಾನು ಬರಲ್ಲ. ಬಂದ್ರೆ, ಬಿರುಕು ನೋಡಿಯೂ ಅಗೆದ್ರು ಅಂತ ನಾಳೆ ನೀವೇ ಹೇಳ್ತೀರ."

ಬಾಗಿಲು ಹಾಕಿಕೊಂಡಳು. ಆಕೆ ಹೇಳಿದ್ದು ಪೂರ್ತಿ ತಪ್ಪೇನಲ್ಲ. ನಮ್ಮಪ್ಪ ಹಾಗೇ ಹೇಳುತ್ತಿದ್ದ.

ಮರುದಿನ ಪಿಂಗಾಣಿಯನ್ನೆಲ್ಲ ಹಾಸಿಗೆಯ ಮೇಲೆ ಇಳಿಸಿ ಬೀರುವನ್ನು ಎಳೆದೆ. ಸದ್ದು ಕೇಳಿ ಅಪ್ಪ ಬಂದ. ತಡೆಯಲಿಲ್ಲ, ಬಾಗಿಲಲ್ಲಿ ನಿಂತೇ ಕೇಳಿದ.

"ಎಷ್ಟು ಕೊಟ್ರು?"

"ಗೋಡೆ ನಿನ್ನ ಮೇಲೇ ಬೀಳತ್ತೆ ಅಪ್ಪ. ನೀನು ಮಲಗೋದು ಇಲ್ಲೇ."

"ಕೇಕ್ ತಿಂದಾಗಲೇ ಅಂದ್ಕೊಂಡೆ."

ಫೋಟೋ ತೆಗೆದು ಆರ್ಮರಾಡ್‌ಗೆ ಕಳಿಸಿದೆ. ಅವನು ಕೆಲಸ ನಿಲ್ಲಿಸಿದ. ಇಂಜಿನಿಯರ್ ಹೊಸ ನಕ್ಷೆ ಮಾಡಿದ, ಗೋಡೆಯ ಬುಡವನ್ನು ತುಂಡುತುಂಡಾಗಿ, ನಿಧಾನವಾಗಿ ಕಟ್ಟಬೇಕೆಂದ. ಥ್ಯಾಕ್ರೆಗಳ ಖರ್ಚು ನಲವತ್ತು ಸಾವಿರ ಏರಿತು. ಇಮೋಜೆನ್ ಈಗ ನಮ್ಮನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಾಳೆ. ಬಿರುಕು ಹಳೆಯದೆಂದು ದಾಖಲಾಯಿತು, ಅದರ ರಿಪೇರಿ ಖರ್ಚು ನಮ್ಮ ತಲೆಗೇ ಬಂತು.

ಮಗು ಹುಟ್ಟಿದ ಮೇಲೂ ಅಗೆತ ನಡೆಯಿತು. ಮುಗಿದ ದಿನ ನಾನೂ ಅಪ್ಪನೂ ಗೋಡೆಯ ಮುಂದೆ ನಿಂತೆವು. ಬಿರುಕು ಮೊದಲಿನಷ್ಟೇ ಇತ್ತು.

"ಗೋಡೆ ನಿಂತಿದೆ ನೋಡು," ಎಂದೆ.

"ನಿಲ್ಲದೆ ಏನು, ಅಷ್ಟು ದುಡ್ಡು ಸುರಿದಿದಾರೆ. ನಮ್ಮ ಗೋಡೆ ಮೇಲೆ ಯಾಕೆ ಅಷ್ಟು ಸುರಿದ್ರು ಅಂತ ಯೋಚ್ನೆ ಮಾಡಿದ್ಯಾ?"

ಈಗ ಅಪ್ಪ ಹಾಲು ತರಲು ಮೂಲೆಯಂಗಡಿಗೆ ಹೋಗುವಾಗಲೂ ತನ್ನ ಕೋಣೆಗೆ ಬೀಗ ಹಾಕಿಕೊಂಡು ಹೋಗುತ್ತಾನೆ. ಮನೆಯಲ್ಲಿ ಇರುವುದು ನಾನೊಬ್ಬಳೇ.