ಬಣ್ಣ ನಂದು, ಹೊಲಿಗೆ ಅವಳ್ದು

"ಅವಳು ಹಾಸಿದ್ದು, ಹೊದ್ದಿದ್ದು ಏನೇನದೋ ಎಲ್ಲಾನೂವೆ ಈಚೆಗೆ ತಂದಾಕ್ರವ್ವ. ಒಂದು ಚೂರೂ ಒಳಗೆ ಉಳೀಬಾರ್ದು," ಎನ್ನುತ್ತ ಲಕ್ಕಯ್ಯ ಹೊನ್ನಕ್ಕನ ಚಾಪೆಯನ್ನು ಸುತ್ತಿ ಅಂಗಳಕ್ಕೆ ಎಸೆದ. ಹರದನಹಳ್ಳಿಯಲ್ಲಿ ಯಾರೇ ಸತ್ತರೂ ಮುಂದೆ ನಿಂತು ಶಾಸ್ತ್ರ ಹೇಳುವ ಹಿರಿಯ ಆತನೇ. ಸತ್ತವರ ಹಾಸಿಗೆ ಹೊದಿಕೆ ಹೆಣದ ಜೊತೆಗೇ ಊರು ದಾಟಬೇಕು, ಇಲ್ಲದಿದ್ದರೆ ಅವರು ಅದನ್ನು ಹುಡುಕಿಕೊಂಡು ಬರುತ್ತಾರೆ ಎಂದು ಅಲ್ಲಿಯವರ ನಂಬಿಕೆ. ಚಾಪೆಯ ಮೇಲೆ ದಿಂಬು ಬಿತ್ತು, ದಿಂಬಿನ ಮೇಲೆ ತೂತುಬಿದ್ದ ಕಂಬಳಿ ಬಿತ್ತು.

ಗಂಗಾಂಬಿಕೆ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಹಾಸನದಿಂದ ತಂದ ಬ್ಯಾಗು. ಹೊನ್ನಕ್ಕ ಅವಳ ಗಂಡ ಕೆಂಪಣ್ಣನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಇಲ್ಲೇ ಉಳಿದವಳು. ಬ್ಯಾಗಿನಲ್ಲಿದ್ದದ್ದು ಕೌದಿ, ಪ್ರೈಜು ಬಂದ ಕೌದಿ. ಸಾವಿನ ಸುದ್ದಿ ತಿಳಿದ ಕೂಡಲೇ ಬೀರು ತೆಗೆದು ಅದನ್ನು ತುರುಕಿಕೊಂಡು ಬಂದಿದ್ದಳು. ಇವತ್ತು ಎಲ್ಲರೆದುರು ನಿಜ ಹೇಳಿಬಿಡಬೇಕು ಅಂದುಕೊಂಡಿದ್ದಳು. ಬಸ್ಸಿಳಿಯುವ ತನಕ ಧೈರ್ಯವಿತ್ತು. ಹೊನ್ನಕ್ಕನ ಮುಖ ನೋಡಿದ್ದೇ ತಡ, ಬ್ಯಾಗು ಮಡಿಲಿಗೆಳೆದುಕೊಂಡು ಗೋಡೆ ಬದಿಗೆ ಕೂತುಬಿಟ್ಟಳು.

ಪಕ್ಕದ ಮನೆಯ ನಂಜಮ್ಮ ಬಂದು ಅವಳ ಬೆನ್ನು ಸವರಿದಳು. "ಅಳ್ಬ್ಯಾಡ ಗಂಗಾ. ನೀನು ಬಣ್ಣ ಜೋಡ್ಸಿಕೊಡದೆ ಓಗಿದ್ರೆ ಇವಳ ಹೊಲಿಗೆ ಯಾರು ಕೇಳೋರು? ಪೇಪರ್‌ನಾಗೆ ನಿನ್ನ ಪೋಟೋ ಬಂದಾಗ ಊರ್ಗೆಲ್ಲ ತೋರಿಸ್ಕಂಡು ಬಂದ್ಲು ಕಣೆ ಇವಳು. 'ನಮ್ಮ ಗಂಗಾ, ನಮ್ಮ ಗಂಗಾ' ಅಂತ."

ಇದು ಗಂಗಾಂಬಿಕೆಗೆ ಗೊತ್ತಿರಲಿಲ್ಲ.

*

ರವಿಕೆ ಕಣಗಳದ್ದು ಒಂದು ವಿಚಿತ್ರ ಬಾಳು. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ಕೊಡುತ್ತಾರೆ, ಹೊಲಿಸುವವರು ಯಾರೂ ಇಲ್ಲ. ಈ ಮನೆಯಿಂದ ಆ ಮನೆಗೆ ಸುತ್ತಿ ಸುತ್ತಿ ಕೊನೆಗೆ ಕೊಟ್ಟವಳ ಕೈಗೇ ವಾಪಸು ಬಂದರೂ ಆಶ್ಚರ್ಯವಿಲ್ಲ. ಹೂವಿಲ್ಲ, ಅಂಚಿಲ್ಲ, ಬರೀ ಬಣ್ಣ. ಹೊನ್ನಕ್ಕನಂಥವರಿಗೆ ಅದನ್ನೂ ಯಾರು ಕೊಡುತ್ತಾರೆ? ಹಾಗಾಗಿ ತೊಂಬತ್ತಾರರ ಸುಗ್ಗಿಗೆ ಊರಿಗೆ ಬಂದಾಗ ಗಂಗಾಂಬಿಕೆ ತನ್ನ ಟ್ರಂಕಿನಲ್ಲಿ ಕೊಳೆಯುತ್ತಿದ್ದ ಕಣಗಳನ್ನೆಲ್ಲ ಗಂಟು ಕಟ್ಟಿ ತಂದು ಕೊಟ್ಟಳು.

ಹೊನ್ನಕ್ಕ ಅವನ್ನು ಹಳೆಯ ಕೌದಿಗಳ ಹಾಗೆ ಚಿಂದಿ ಚಿಂದಿ ಮಾಡಲಿಲ್ಲ. ದೊಡ್ಡದಾಗಿ ಕತ್ತರಿಸಿ, ಸಾರಿಸಿದ ಅಂಗಳದಲ್ಲಿ ಹರಡಿ, ಏಣಿ ಹತ್ತಿ ಅಟ್ಟದ ಬಾಗಿಲಿನಿಂದ ನೋಡಿದಳು. ಇಳಿದು ಒಂದು ಕೆಂಪನ್ನು ಆಚೆ ತಳ್ಳಿದಳು. ಮತ್ತೆ ಹತ್ತಿದಳು. ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಯಿತು.

"ಇನ್ನೊಂದಿಷ್ಟು ತುಂಡು ಸೇರಿಸಕ್ಕ, ಬೋಳು ಬೋಳಾಗಿ ಕಾಣ್ತದೆ," ಎಂದಳು ಗಂಗಾಂಬಿಕೆ.

"ಬ್ಯಾಡ. ಎಲ್ಲಾವೂ ಒಟ್ಟಿಗೆ ಕೂಗುದ್ರೆ ಯಾವುದೂ ಕೇಳಾಕಿಲ್ಲ. ಈ ಕಪ್ಪು ಸುಮ್ಕಿರ್ತದಲ್ಲ, ಅದುಕ್ಕೇ ಹಳದಿ ಮಾತಾಡ್ತದೆ."

ಅಷ್ಟರಲ್ಲಿ ಅತ್ತೆ, ಅಂದರೆ ಹೊನ್ನಕ್ಕನ ಹೆತ್ತ ತಾಯಿ, ಹೊಲದಿಂದ ಬಂದಳು. ಅಂಗಳ ತುಂಬ ಉರಿಯುತ್ತಿದ್ದ ಬಣ್ಣ ನೋಡಿ ಕಿರುಚಿದಳು. "ಗಂಡ ಸತ್ತೋಳಿಗೆ ಇದೇನೇ ಬಣ್ಣದ ಆಟ? ಕಂಡೋರು ಏನಂದಾರು?"

ಏಣಿಯ ಮೇಲೆ ಹೊನ್ನಕ್ಕನ ಮುಖ ಬಿಳಿಚಿಕೊಂಡಿತು. ಗಂಗಾಂಬಿಕೆಗೆ ಎಲ್ಲಿಂದ ಹೊಳೆಯಿತೋ, "ಬಣ್ಣ ನಂದು ಕಣತ್ತೆ, ಹೊಲಿಗೆ ಅವಳ್ದು," ಎಂದುಬಿಟ್ಟಳು. ಓದಿದ ಸೊಸೆ, ಮೇಲಾಗಿ ಮುತ್ತೈದೆ. ಅತ್ತೆ ಗೊಣಗುತ್ತ ಒಳಗೆ ಹೋದಳು. ಆಮೇಲೆ ಇಬ್ಬರೂ ಕೊಟ್ಟಿಗೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಅಲ್ಲಿಂದ ಮುಂದೆ ಊರಲ್ಲಿ ಯಾರು ಕೇಳಿದರೂ ಇಬ್ಬರದ್ದೂ ಅದೇ ಮಾತು.

*

ಕೆಲವು ವರ್ಷಗಳ ನಂತರ ಹಾಸನದಲ್ಲಿ ಮಹಿಳೆಯರ ಕೈಕೆಲಸದ ಸ್ಪರ್ಧೆ, ಅದಕ್ಕೆ ಗಂಗಾಂಬಿಕೆ ಆ ಕೌದಿಯನ್ನು ಇಟ್ಟಿದ್ದಳು. ಹೊನ್ನಕ್ಕನೂ ಬಂದಿದ್ದಳು. ಕೊನೇ ಸಾಲಿನಲ್ಲಿ ಕೂತು ಕಡಲೆಪುರಿ ತಿನ್ನುತ್ತಿದ್ದಳು. ತೀರ್ಪುಗಾರರಲ್ಲಿ ಕನ್ನಡಕದ ಹೆಂಗಸೊಬ್ಬರು ಕೌದಿಯ ಮುಂದಿನಿಂದ ಕದಲಲೇ ಇಲ್ಲ. "ಎಷ್ಟು ಧೈರ್ಯದ ಡಿಸೈನ್! ಇದು ಯಾರದ್ದು?"

ಇಲ್ಲಿ ಅತ್ತೆಯಿರಲಿಲ್ಲ, ಊರಿನವರು ಇರಲಿಲ್ಲ. ಸುಳ್ಳು ಹೇಳಬೇಕಾದ ದರ್ದೇ ಇರಲಿಲ್ಲ. ಆದರೆ ನಾಲಿಗೆಗೆ ಆ ಮಾತು ರೂಢಿಯಾಗಿಬಿಟ್ಟಿತ್ತು. "ಬಣ್ಣ ನಂದು ಮೇಡಂ. ಹೊಲಿಗೆ ನಮ್ಮವರೊಬ್ಬರದ್ದು."

ರೂಢಿ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಆಸೆಯಾಗಿತ್ತು. ವೇದಿಕೆ, ಮೈಕು, ಚಪ್ಪಾಳೆ. 'ಹೊನ್ನಕ್ಕ' ಎಂಬ ಹೆಸರು ಕೂಡ ಬಾಯಿಂದ ಹೊರಡಲಿಲ್ಲ, 'ನಮ್ಮವರೊಬ್ಬರು' ಅಷ್ಟೆ.

ಊರಿಗೆ ಕಳಿಸಲು ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಕ್ಕ ಕೇಳಿದಳು. "ಕೆಂಪಿನ ಪಕ್ಕ ನೇರಳೆ ಯಾಕಿಟ್ರಿ ಅಂತ ಆಯಮ್ಮ ಕೇಳ್ತಲ್ಲ. ನೀನೇನಂದೆ?"

"ಚೆನ್ನಾಗಿ ಕಾಣ್ತದೆ ಅಂತ ಅಂದೆ."

"ಅಷ್ಟೇನಾ?" ಎಂದಳು ಹೊನ್ನಕ್ಕ. ಗಂಗಾಂಬಿಕೆ ಬಸ್ಸಿನ ಬೋರ್ಡು ಓದುತ್ತಾ ನಿಂತಳು. ಹೊಳೆನರಸೀಪುರದ ಬಸ್ಸು ಬಂತು, ಹೊನ್ನಕ್ಕ ಹತ್ತಿಕೊಂಡು ಹೋದಳು. ಆಮೇಲೆ ಅವಳು ಕೌದಿ ಹೊಲಿದಳು, ಬೇಕಾದಷ್ಟು. ಬಣ್ಣದ ಮಾತು ಮಾತ್ರ ಗಂಗಾಂಬಿಕೆಯ ಹತ್ತಿರ ಎತ್ತಲಿಲ್ಲ.

*

"ಎತ್ತೋ ಹೊತ್ತಾಯ್ತು," ಎಂದ ಲಕ್ಕಯ್ಯ. ಚಟ್ಟದ ಮೇಲೆ ಹೊನ್ನಕ್ಕನಿಗೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು. "ಇನ್ನೇನಾರ ಅವಳ್ದು ಉಳ್ದದಾ ನೋಡ್ರಪ್ಪ."

"ಏನೂ ಇಲ್ಲ ಕಣಣ್ಣ, ಎಲ್ಲಾ ಬಂತು," ಎಂದ ಕೆಂಪಣ್ಣ.

"ಒಂದದೆ," ಎಂದಳು ಗಂಗಾಂಬಿಕೆ. ಬ್ಯಾಗು ತೆರೆದು ಕೌದಿ ಕೊಡವಿದಳು. ಕೆಂಪು, ಹಳದಿ, ಕಪ್ಪು, ಗಿಳಿಹಸಿರು, ಸಾವಿನ ಮನೆಯಂಗಳಕ್ಕೆ ಒಮ್ಮೆಲೇ ಸುರಿದವು. "ಇದು ಅವಳ್ದು."

ನಂಜಮ್ಮ ಗೊಳೋ ಎಂದಳು. "ನೋಡ್ರವ್ವಾ, ಪ್ರೈಜು ಬಂದಿದ್ದನ್ನೇ ಕೊಡ್ತಾವ್ಳೆ! ಯಾರ್ಗದೆ ಇಂಥಾ ಮನಸು?"

"ಕೊಡ್ತಾ ಇಲ್ಲ ನಂಜಮ್ಮ!" ಗಂಗಾಂಬಿಕೆಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. "ಬಣ್ಣ ನಂದಲ್ಲ. ಒಂದು ತುಂಡೂ ನಾನು ಜೋಡ್ಸಿದ್ದಲ್ಲ. ಎಲ್ಲಾ ಅವಳೇ. ನಾನು ಸುಳ್ಳು ಹೇಳ್ಕಂಡು ಹೆಸರು ತಗಂಡೆ."

"ದುಃಖುಕ್ಕೆ ಏನೇನೋ ಅಂತಾವ್ಳೆ, ಪಾಪ," ಎಂದರು ಯಾರೋ. ತಲೆಗಳು ಅಲ್ಲಾಡಿದವು. ಕೆಂಪಣ್ಣ, "ಸುಮ್ಕಿರು ಗಂಗಾ, ನೀರು ಕುಡಿ," ಎಂದ.

"ಬಣ್ಣದ್ದು ಮೈಮೇಲೆ ಬ್ಯಾಡ ಕಣವ್ವ, ಗಂಡ ಇಲ್ದೋಳು," ಎಂದ ಲಕ್ಕಯ್ಯ. "ಅಲ್ಲಿ ಚಾಪೆ ಮೇಲೆ ಆಕ್ಬುಡು."

"ಆಕಾಕಿಲ್ಲ. ಹೊದಿಸ್ತೀನಿ."

ಲಕ್ಕಯ್ಯ ಅವಳನ್ನೇ ದಿಟ್ಟಿಸಿದ. ಎತ್ತುವ ಹೊತ್ತು ಮೀರುತ್ತಿತ್ತು, ವಾದ ಬೆಳೆಸಲಿಲ್ಲ. "ಆಗ್ಲಿ, ಬಿರ್ರನೆ ಹೊದಿಸು. ತಲೆ ಯಾವ ಕಡೆ ಬತ್ತದೆ ಇದುಕ್ಕೆ?"

ಹೆಂಗಸರು ಮುಂದೆ ಬಂದು ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದರು. ಗಂಗಾಂಬಿಕೆ ಹಳದಿಯ ಕಡೆಯನ್ನು ಹೊನ್ನಕ್ಕನ ಮುಖದತ್ತ ತಂದಳು. ಸರಿಯೆನಿಸಲಿಲ್ಲ. "ತಿರುಗ್ಸಿ," ಎಂದಳು. ತಿರುಗಿಸಿದರು. ಕಪ್ಪು ತಲೆಗೆ ಬಂತು. "ಅಲ್ಲ, ಇನ್ನೊಂದು ಕಡೆ." ಮತ್ತೆ ತಿರುಗಿಸಿದರು. ಅವಳು ತಲೆಯ ಕಡೆಯಿಂದ ಕಾಲ ಕಡೆಗೆ ಹೋದಳು, ಕಾಲ ಕಡೆಯಿಂದ ತಲೆಯ ಕಡೆಗೆ ಬಂದಳು, ಕೌದಿಯನ್ನೇ ನೋಡಿದಳು; ಅದರ ತಲೆ ಯಾವ ಕಡೆಯೆಂದು ಅವಳಿಗೆ ಗೊತ್ತಾಗಲಿಲ್ಲ.

ನಂಜಮ್ಮನ ಅಳು ನಿಂತಿತು. ಹೊನ್ನಕ್ಕನ ಮೇಲೆ ಕೌದಿಯನ್ನು ಚಪ್ಪರದಂತೆ ಹಿಡಿದುಕೊಂಡು ಹೆಂಗಸರೆಲ್ಲ ಗಂಗಾಂಬಿಕೆಯ ಮುಖ ನೋಡುತ್ತ ನಿಂತರು.