ಇಬ್ಬರ ದೋಣಿ

"ಐದು ನೀರುನಾಯಿ ಅಂಕಲ್! ದೊಡ್ಡವು ಎರಡು, ಮರಿ ಮೂರು. ಅದ್ರಲ್ಲೊಂದು ಮರಿ ಸೀದಾ ಟೆಂಟ್ ಹತ್ರಾನೇ ಬಂದು, ಒಣಗಕ್ಕೆ ಹಾಕಿದ್ದ ಟವೆಲ್ ಕಚ್ಕೊಂಡು ನೀರಿಗೆ ಎಳ್ಕೊಂಡು ಹೋಯ್ತಂತೆ. ನಂಜುಂಡಸ್ವಾಮಿ ಸಾರ್ ಹೇಳ್ತಾ ಇದ್ರೆ ಎದುರಿಗೇ ನಡೀತಿದೆ ಅನ್ಸುತ್ತೆ."

ಸ್ವರೂಪ್ ಇಷ್ಟು ಹೇಳಿ, ಎರಡು ಸ್ಟೂಲುಗಳ ಮೇಲೆ ಬೋರಲಾಗಿ ಮಲಗಿದ್ದ ದೋಣಿಯ ಬೆನ್ನನ್ನು ಅಂಗೈಯಿಂದ ಸವರಿದ. ಉಪ್ಪುಕಾಗದದಿಂದ ಹಳೇ ಬಣ್ಣ ಉಜ್ಜುತ್ತಿದ್ದ ಗುರುಸಿದ್ದಯ್ಯನ ಕೈ ನಿಂತಿತು. ಹುಡುಗನಿಗೆ ಮೂವತ್ತರ ಮೇಲಾಗಿರಲಾರದು. ದಂತವೈದ್ಯನಂತೆ. ಬೆರಳುಗಳು ಹೆಂಗಸರ ಬೆರಳಿನಷ್ಟು ನುಣುಪಾಗಿದ್ದವು.

"ಯಾರ ಟವೆಲಂತೆ?" ಎಂದು ಕೇಳಿದ.

"ಸಾರ್‌ದೇ ಇರ್ಬೇಕು. ಅವ್ರೇ ತಾನೇ ನೋಡಿದ್ದು?"

ಎದುರಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಂಜುಂಡಸ್ವಾಮಿ ರಸ್ತೆ ದಾಟಿ ಬರುತ್ತಿದ್ದ. ಅವನ ನಡಿಗೆಯಲ್ಲಿ ಎರಡು ವರ್ಷದಿಂದ ಕಾಣದಿದ್ದ ಹುರುಪೊಂದು ಕಾಣುತ್ತಿತ್ತು. ಅದನ್ನು ನೋಡಿ ಗುರುಸಿದ್ದಯ್ಯ ಮತ್ತೆ ಜೋರಾಗಿ ಉಜ್ಜತೊಡಗಿದ.

ಇಬ್ಬರೂ ಮಠದ ಹಾಸ್ಟೆಲಿನಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡು ಬೆಳೆದವರು. ನಂಜುಂಡಸ್ವಾಮಿ ಓದಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟರಾಗಿ ಕೃಷ್ಣಮೂರ್ತಿಪುರಂನಲ್ಲಿ ಮನೆ ಮಾಡಿದ. ಗುರುಸಿದ್ದಯ್ಯ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಉಳಿ ಹಿಡಿದು ನಜರ್‌ಬಾದಿನಲ್ಲಿ ಮರಗೆಲಸದ ಅಂಗಡಿ ಇಟ್ಟ. ಸ್ನೇಹಕ್ಕೆ ಅದರಿಂದ ಏನೂ ಕುಂದಾಗಲಿಲ್ಲ. ತೊಂಬತ್ತೆರಡರಲ್ಲಿ ಒಂದು ದಿನ ನಂಜುಂಡಸ್ವಾಮಿ ಯಾವುದೋ ವಿದೇಶಿ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದ. ಅದರೊಳಗೆ ಒಂದು ಚಿತ್ರ. ದೊಡ್ಡ ಕೆರೆ, ಸುತ್ತ ಕಾಡು, ನಡುವೆ ಹುರುಳಿಕಾಯಿಯ ಹಾಗೆ ಸಣ್ಣಗೆ ಉದ್ದವಾದ ಒಂದು ದೋಣಿ, ಹಿಂದೊಬ್ಬ ಮುಂದೊಬ್ಬ ಕೂತು ಹುಟ್ಟು ಹಾಕುತ್ತಿದ್ದರು. "ಇದನ್ನ ಮಾಡೋಕಾಗುತ್ತೇನೋ ಸಿದ್ದ?" ಎಂದು ಕೇಳಿದ್ದ. ನಾಲ್ಕು ತಿಂಗಳು ಹಿಡಿಯಿತು. ಮೊದಲ ಸಲ ಊರಾಚೆಯ ಕೆರೆಯಲ್ಲಿ ಇಳಿಸಿದಾಗ ಮೂರು ಸಲ ಮಗುಚಿತು. ಮಗುಚಿದಾಗೆಲ್ಲ ಇಬ್ಬರೂ ನಕ್ಕು ನಕ್ಕು ನೀರು ಕುಡಿದಿದ್ದರು.

ಆಮೇಲೆ ಎಂಟು ವರ್ಷ, ಪ್ರತಿ ಜನವರಿ. ಸಂಕ್ರಾಂತಿ ಮುಗಿದ ಮೊದಲ ಶನಿವಾರ ನರಸೀಪುರದ ಸಂಗಮದಲ್ಲಿ ದೋಣಿ ಇಳಿಸಿದರೆ ಮೂರು ದಿನಕ್ಕೆ ತಲಕಾಡು ದಾಟಿ ಕೆಳಗೆ. ಹೊಳೆ ನಡುವಿನ ಮರಳದಿಬ್ಬಗಳ ಮೇಲೆ ಬಿಡಾರ. ಮರದ ದಿಮ್ಮಿಯೆಂದುಕೊಂಡು ಹತ್ತಿರ ಹೋದದ್ದು ಬಾಯಿ ತೆರೆದು ಮೊಸಳೆಯಾದದ್ದು, ಬೆಳ್ಳಂಬೆಳಿಗ್ಗೆ ಹೆಜ್ಜಾರ್ಲೆ ಹಕ್ಕಿಗಳ ಹಿಂಡು ಮಂಜಿನೊಳಗಿಂದ ಒಂದೊಂದಾಗಿ ಬಿಡಿಸಿಕೊಂಡು ಬಂದದ್ದು, ಹಂದಿಗಳು ಬಂದು ಕಡಲೆಕಾಯಿ ಚೀಲ ಹರಿದು ತಿಂದದ್ದು, ಎಲ್ಲವೂ ಯಾವ ವರ್ಷ, ಯಾವ ದಿಬ್ಬ ಎಂಬುದರ ಸಮೇತ ಗುರುಸಿದ್ದಯ್ಯನಿಗೆ ನೆನಪಿತ್ತು.

ನೀರುನಾಯಿ ಬಂದದ್ದು ನಾಲ್ಕನೇ ವರ್ಷ. ಅವತ್ತು ಎದ್ದಿದ್ದವನು ಅವನೊಬ್ಬನೇ. ಒಲೆ ಹಚ್ಚಲು ಕಡ್ಡಿ ಗೀರಿದ್ದ, ಅಷ್ಟರಲ್ಲಿ ಅವು ಮೀನು ಕಚ್ಚಿಕೊಂಡು ದಡಕ್ಕೆ ಹತ್ತಿದವು. ಅಲುಗಾಡಿದರೆ ಓಡಿಹೋಗುತ್ತವೆಂದು ಕಡ್ಡಿಯನ್ನು ಹಾಗೇ ಹಿಡಿದು ಕೂತ. ಬೆಂಕಿ ಬೆರಳಿಗೆ ಬಂದು ಚರ್ಮ ಸುಟ್ಟರೂ ಬಿಡಲಿಲ್ಲ. ಟವೆಲು ಅವನದು. ನಂಜುಂಡಸ್ವಾಮಿ ಡೇರೆಯೊಳಗೆ ಗೊರಕೆ ಹೊಡೆಯುತ್ತಿದ್ದ.

ಎರಡು ಸಾವಿರದ ಇಸವಿಯ ಕೊನೆಯಲ್ಲಿ ದೇವರಾಜ ಮೊಹಲ್ಲಾದ ಅಂಗಡಿಯೊಂದರಲ್ಲಿ ಅಟ್ಟ ಕೂರಿಸುವಾಗ ಏಣಿ ಜಾರಿ ಅವನ ಬಲಭುಜ ಮುರಿಯಿತು. ಕೂಡಿಕೊಂಡರೂ ಕೈ ಕಿವಿಯ ಮೇಲಕ್ಕೆ ಏಳದು. ಹುಟ್ಟು ಹಾಕುವುದನ್ನು ಮರೆತುಬಿಡಿ ಎಂದರು ಡಾಕ್ಟರು. "ನೀನಿಲ್ದೆ ನಾನ್ಯಾಕೆ ಹೋಗ್ಲಿ" ಎಂದು ನಂಜುಂಡಸ್ವಾಮಿಯೂ ಆ ವರ್ಷ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ. ಆ ಮಾತನ್ನು ಗುರುಸಿದ್ದಯ್ಯ ಜೀವಮಾನಕ್ಕೆಲ್ಲ ಕೊಟ್ಟ ಮಾತೆಂದು ತಿಳಿದಿದ್ದ. ಈಗ ನೋಡಿದರೆ, ನಂಜುಂಡಸ್ವಾಮಿ ಹಲ್ಲು ಕೀಳಿಸಲು ಹೋದ ಕಡೆ ಸಿಕ್ಕಿದ ಹುಡುಗನೊಬ್ಬ ಡಿಜಿಟಲ್ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು ಬಂದು ಗುರುಸಿದ್ದಯ್ಯ ಮಾಡಿದ ದೋಣಿ ಸವರುತ್ತಿದ್ದಾನೆ.

"ಮೂತಿ ಹತ್ರ ಸ್ವಲ್ಪ ಮೆತ್ತಗಾಗಿದೆ ಅನ್ಸುತ್ತೆ, ನೋಡ್ಬುಡು ಸಿದ್ದ" ಎಂದ ನಂಜುಂಡಸ್ವಾಮಿ ಕಾಫಿ ಬಗ್ಗಿಸುತ್ತ. "ಶುಕ್ರವಾರ ಸಾಯಂಕಾಲ ವ್ಯಾನ್ ತರ್ತೀನಿ. ದೋಣೀಲಿ ಮುಂದಿನ ಸೀಟಿಗೆ ಸ್ವರೂಪ್."

ಮುಂದಿನ ಸೀಟು ಎಂಟು ವರ್ಷವೂ ಗುರುಸಿದ್ದಯ್ಯನದಾಗಿತ್ತು.

ಅವರು ಹೋದ ಮೇಲೆ ಅವನು ಮೂತಿಯ ಹತ್ತಿರದ ಬಣ್ಣ ಕೆರೆದು ನೋಡಿದ. ಎರಡು ವರ್ಷ ನಂಜುಂಡಸ್ವಾಮಿಯ ಮನೆಯ ಗ್ಯಾರೇಜಿನ ತೇವದಲ್ಲಿ ಬಿದ್ದಿದ್ದ ಪ್ಲೈವುಡ್ಡು ಅಂಗೈಯಗಲ ಕೊಳೆತಿತ್ತು. ಸ್ಕ್ರೂಡ್ರೈವರ್ ಊರಿದರೆ ಹಲ್ವಾದೊಳಗೆ ಇಳಿದ ಹಾಗೆ ಇಳಿಯಿತು. ಆ ಭಾಗ ಕತ್ತರಿಸಿ ತೆಗೆದು, ಹೊಸ ತುಂಡು ಕೂರಿಸಿ, ಮೇಲೆ ಫೈಬರ್ ಬಟ್ಟೆ ಹಾಕಿ ರಾಳ ಬಳಿಯಬೇಕು. ಎರಡು ದಿನದ ಕೆಲಸ. ಮಂಗಳವಾರ ಮಾಡಲಿಲ್ಲ. ಬುಧವಾರ ಮಾಡಲಿಲ್ಲ. ಗುರುವಾರ ಬಿರುಕು ಮುಚ್ಚುವ ಪುಟ್ಟಿ ಒಂದು ಡಬ್ಬಿ ತಂದು ಕೊಳೆತದ್ದರ ಮೇಲೆಯೇ ಮೆತ್ತಿದ. ಒಣಗಿದ ಮೇಲೆ ಹದವಾಗಿ ಉಜ್ಜಿ ಹಸಿರು ಬಣ್ಣ ಹೊಡೆದ. ಮೂವತ್ತು ವರ್ಷದ ಕಸುಬಿನಲ್ಲಿ ಅಷ್ಟು ನುಣ್ಣಗಿನ ಕೆಲಸವನ್ನು ಅವನು ಮಾಡಿದ್ದು ಕಡಿಮೆ. ಸ್ವಲ್ಪ ನೀರು ಒಳಗೆ ಬರುತ್ತೆ ಅಷ್ಟೆ, ದಡಕ್ಕೆ ಬಂದು ವಾಪಸು ಹೋಗ್ತಾರೆ ಎಂದು ತನಗೆ ತಾನೇ ಹೇಳಿಕೊಂಡ.

ಪುಟ್ಟತಾಯಮ್ಮ ಅಂಗಡಿಯ ಹಿಂದಿನ ಮನೆಯಿಂದ ಕಾಫಿ ತಂದವಳು ಗಂಡನ ಮುಖ ನೋಡಿದಳು. "ಏನ್ರೀ ಇದು, ಒಳ್ಳೆ ಸವತಿ ಬಂದೋಳ ಥರ ಮುಖ ಮಾಡ್ಕೊಂಡಿದೀರ ವಾರದಿಂದ."

"ಸುಮ್ನೆ ಹೋಗೆ ಒಳಿಕ್ಕೆ."

ಶುಕ್ರವಾರ ವ್ಯಾನಿನ ಮೇಲೆ ದೋಣಿ ಕಟ್ಟುವಾಗ ಸ್ವರೂಪ್ ಒಂದು ಲಾರಿ ಟ್ಯೂಬನ್ನೂ ಒಳಗಿಟ್ಟ. ಗುರುಸಿದ್ದಯ್ಯ ಅದನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕ. "ಅದು ಸಾರ್ ಬಲವಂತಕ್ಕೆ ಅಂಕಲ್. ನಂಗೆ ಈಜು ಬರಲ್ಲ. ನೀವು ಮಾಡಿರೋ ದೋಣಿ ಇದ್ಮೇಲೆ ಟ್ಯೂಬ್ ಯಾಕೆ ಅಂತ ನಾನು."

ವ್ಯಾನು ತಿರುವು ದಾಟುವ ತನಕ ಗುರುಸಿದ್ದಯ್ಯ ಬಾಗಿಲಲ್ಲೇ ನಿಂತಿದ್ದ. ಕೂಗಲು ಬಾಯಿ ತೆರೆದಿದ್ದ. ಆದರೆ ಕೂಗಲಿಲ್ಲ.

ಅವನು ಅವತ್ತು ಊಟ ಮಾಡಲಿಲ್ಲ. ಬೆಳಿಗ್ಗೆ ಐದಕ್ಕೆ ಪುಟ್ಟತಾಯಮ್ಮ ಎದ್ದಾಗ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಕೇಳುವ ಮೊದಲೇ ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು ಒಂದು ಕ್ಷಣ ಕೈಯಲ್ಲಿದ್ದ ಚೊಂಬನ್ನು ಕೆಳಗಿಡದೆ ನಿಂತಳು.

"ಹೊಳೇಲಿ ಎಷ್ಟು ನೀರದೆ?"

"ಸಂಗಮದ ಕೆಳಗೆ ಮೂರಾಳು."

"ಆ ಮಗೀಗೆ ಈಜು ಬರಕಿಲ್ಲ."

"ಇಲ್ಲ."

"ಏಳಿ ಮೇಲೆ. ಫೋನ್ ಮಾಡಿ."

ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತು ಆಗ ತಾನೇ ತೆರೆದಿತ್ತು. ಫೋನು ಎತ್ತಿದವಳು ನಂಜುಂಡಸ್ವಾಮಿಯ ಹೆಂಡತಿ ಸರೋಜಮ್ಮ. "ಅಯ್ಯೋ, ಅವರು ನಿನ್ನೇನೇ ನರಸೀಪುರಕ್ಕೆ ಹೋದ್ರಲ್ಲಣ್ಣ. ಅಲ್ಲಿ ಅವರ ತಂಗಿ ಮನೇಲಿದ್ದು ಏಳೂವರೆಗೆಲ್ಲ ಇಳಿಸ್ತೀವಿ ಅಂದ್ರು. ಅಲ್ಲಿ ಫೋನಿಲ್ಲ. ಡಾಕ್ಟರ್ ಹತ್ರ ಮೊಬೈಲಿದೆ, ನಂಬರ್ ನಂಗೊತ್ತಿಲ್ಲ. ಯಾಕೆ, ಏನಾಯ್ತು?" ಅವನು ಏನೂ ಇಲ್ಲವೆಂದು ಫೋನು ಇಟ್ಟ.

ನರಸೀಪುರದ ಬಸ್ಸು ಹೊರಡಲು ಗುರುಗುಡುತ್ತಿತ್ತು. ಅವನು ಹತ್ತಿದ ಮೇಲೆ ಹಿಂದೆಯೇ ಪುಟ್ಟತಾಯಮ್ಮನೂ ಹತ್ತಿದಳು.

"ನೀನ್ಯಾಕೆ?"

"ಎಂಟು ವರ್ಷ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿ ಕಳ್ಸಿದೀನಿ. ಆ ಹೊಳೆ ಹೆಂಗದೆ ಅಂತ ಒಂದಿನ ತೋರ್ಸಿದೀರಾ? ಸರೀರಿ ಅತ್ಲಾಗೆ." ಅವನು ಕಿಟಕಿಯ ಕಡೆ ಸರಿದು ಕೂತ. ವರುಣದ ಹತ್ತಿರ ಬಸ್ಸು ಹತ್ತು ನಿಮಿಷ ನಿಂತಾಗ ಅವನು ಎದ್ದು ಹೋಗಿ ಡ್ರೈವರಿನ ಹಿಂದೆ ನಿಂತು, ಮತ್ತೆ ಬಂದು ಕೂತ.

ಸಂಗಮದ ಮೆಟ್ಟಿಲ ಹತ್ತಿರ ಬಂದಾಗ ಏಳೂ ಮುಕ್ಕಾಲು. ದೋಣಿಯನ್ನು ಅರ್ಧ ನೀರಿಗೆ ಇಳಿಸಿದ್ದರು. ಸ್ವರೂಪ್ ಪ್ಯಾಂಟು ಮಡಿಸಿಕೊಂಡು ಮುಂದಿನ ಸೀಟಿಗೆ ಕಾಲಿಡುತ್ತಿದ್ದ. ಹಿಂದಿನಿಂದ ದೂಡಲು ಬಗ್ಗಿದ್ದ ನಂಜುಂಡಸ್ವಾಮಿ ತಲೆ ಎತ್ತಿದ.

"ಲೇ ಸಿದ್ದ! ಬಂದ್ಬುಟ್ಯಾ! ಪುಟ್ಟತಾಯಮ್ಮನೂ ಬಂದವ್ರೆ!" ಅವನ ಮುಖ ಅರಳಿತು. ಆ ಅರಳಿದ ಮುಖ ನೋಡುವುದು ಗುರುಸಿದ್ದಯ್ಯನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

"ಇಳೀರಿ ಡಾಕ್ಟ್ರೇ" ಎಂದ. ದೋಣಿಯ ಮೂತಿಯನ್ನು ಎಡಗೈಯಲ್ಲಿ ದಡಕ್ಕೆ ಎಳೆದುಕೊಂಡು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹಸಿರು ಬಣ್ಣದ ಮೇಲಿಟ್ಟು ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಪುಟ್ಟಿಯ ಜೊತೆಗೆ ಕರೀ ಪುಡಿ ಉದುರಿತು.

ನಂಜುಂಡಸ್ವಾಮಿ ತೂತನ್ನು ನೋಡಿದ. ಬೆರಳು ಹಾಕಿ ನೋಡಿದ. "ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಿತ್ತು. ಗೊತ್ತಿದ್ದೇ ಮೆತ್ತಿದೆ."

ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕೂಡ ಕೈ ನಿಲ್ಲಿಸಿ ನೋಡಿದರು. ಸ್ವರೂಪ್ ಒಮ್ಮೆ ಇವನನ್ನೂ ಒಮ್ಮೆ ಹೊಳೆಯನ್ನೂ ನೋಡಿ, ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತ. ಟ್ಯೂಬನ್ನು ಎದೆಗವಚಿಕೊಂಡ.

"ಯಾಕೋ?" ಎಂದ ನಂಜುಂಡಸ್ವಾಮಿ. ಮೇಷ್ಟರ ಗಡಸು ದನಿ ಅದಲ್ಲ. ಹಾಸ್ಟೆಲಿನ ಹುಡುಗನ ದನಿ.

"ನೀರುನಾಯಿ ಕತೆ ಅವನಿಗೆ ಹೇಳಿದೀಯ. ನೀನು ನೋಡ್ದೆ ಅಂತ. ಅವತ್ತು ನೀನು ಗೊರಕೆ ಹೊಡೀತಿದ್ದೆ ಕಣೋ." ಹೇಳುವಾಗಲೇ ಅದು ಎಷ್ಟು ಚಿಕ್ಕ ಮಾತೆಂದು ಅವನಿಗೇ ಕೇಳಿಸಿತು. ಆದರೂ ಬಿಡಲಾಗಲಿಲ್ಲ. "ನನ್ನ ಬೆರಳು ಸುಟ್ಟಿದ್ದು."

"ಹೌದು, ನೀನೇ ನೋಡಿದ್ದು. ಆ ಕತೆ ನನಗೆ ನೂರು ಸಲ ಹೇಳಿದೀಯ. ಕೇಳಿ ಕೇಳಿ ನಾನೇ ನೋಡಿದ ಹಾಗೆ ಆಗೋಗಿದೆ." ನಂಜುಂಡಸ್ವಾಮಿ ಬೆರಳಿಗಂಟಿದ್ದ ಕರೀ ಪುಡಿ ಒರೆಸಿಕೊಂಡ. "ಭುಜ ಮುರಿದ ಮೇಲೆ ನೀನು ನಮ್ಮನೆ ಕಡೆ ತಲೆ ಹಾಕಿದೀಯಾ? ನಾನು ಅಂಗಡಿಗೆ ಬಂದು ಹೊಳೆ ಮಾತೆತ್ತಿದ್ರೆ ನೀನು ಗರಗಸ ಶುರು ಮಾಡ್ತಿದ್ದೆ. ಎರಡು ವರ್ಷ. ಯಾರ ಹತ್ರ ಹೇಳ್ಲೋ ನಾನು? ಗೋಡೆ ಹತ್ರಾನಾ?"

ಗುರುಸಿದ್ದಯ್ಯ ಸ್ವರೂಪನ ಕಡೆ ನೋಡಿದ.

"ಆ ಹುಡುಗ ಮುಳುಗಿದ್ರೆ?" ಎಂದ ನಂಜುಂಡಸ್ವಾಮಿ, ಬಹಳ ಮೆಲ್ಲಗೆ. ಉತ್ತರಕ್ಕೆ ಕಾಯದೆ ದೋಣಿಯನ್ನು ಒಬ್ಬನೇ ದಡಕ್ಕೆ ಎಳೆಯತೊಡಗಿದ. ಗುರುಸಿದ್ದಯ್ಯ ಎಡಗೈ ಕೊಡಲು ಹೋದಾಗ "ಬಿಡು" ಎಂದ. ಬೋರಲು ಹಾಕಿ, ಅದರ ಆಚೆ ಬದಿಗೆ ಬೆನ್ನು ಮಾಡಿ ಕೂತ. ಗುರುಸಿದ್ದಯ್ಯ ಈಚೆ ಬದಿಗೆ ಕೂತ. ಮೂತಿಯ ಪುಟ್ಟಿಯನ್ನು ಚೂರು ಚೂರಾಗಿ ಕೆರೆದು ತೆಗೆಯಲು ಶುರುಮಾಡಿದ. ಇನ್ನೇನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

ಅಷ್ಟು ಹೊತ್ತೂ ಪುಟ್ಟತಾಯಮ್ಮ ಇವರ ಕಡೆ ಬಂದಿರಲಿಲ್ಲ. ಅವಳು ಕೊನೆಯ ಮೆಟ್ಟಿಲಿನಲ್ಲಿ ಕಾಲು ನೆನೆಸಿಕೊಂಡು ನಿಂತು ಎರಡು ಹೊಳೆಗಳು ಕೂಡುವ ಜಾಗವನ್ನು ನೋಡುತ್ತಿದ್ದಳು. ಆಮೇಲೆ ಸ್ವರೂಪನ ಹತ್ತಿರ ಹೋಗಿ, "ಏಳಪ್ಪ, ಕೂತ್ಕಂಡ್ರೆ ಹೆದರಿಕೆ ಜಾಸ್ತಿ ಆಯ್ತದೆ" ಎಂದಳು. ಮೀನಿನ ಬಲೆ ಬಿಡಿಸುತ್ತಿದ್ದ ತೆಪ್ಪದವನನ್ನು ಕರೆದು ಕೇಳಿದಳು. ಅವನ ಹೆಸರು ಪುಟ್ಟಮಾದಯ್ಯ. ಆಚೆ ಜೊಂಡಿನವರೆಗೆ ಹೋಗಿ ಬರಲು ಅವನು ಒಪ್ಪಿದ.

"ನಿಂಗೆ ತಲೆ ತಿರುಗುತ್ತೆ ಕಣೇ" ಎಂದು ಗುರುಸಿದ್ದಯ್ಯ ಕೂಗಿದ.

"ತಿರುಗ್ಲಿ ಬುಡಿ" ಎಂದಳು ತಿರುಗಿ ನೋಡದೆ.

ಸ್ವರೂಪ್ ಟ್ಯೂಬನ್ನು ಹೊಟ್ಟೆಗೆ ಹಾಕಿಕೊಂಡೇ ಬುಟ್ಟಿಯಂಥ ದುಂಡು ತೆಪ್ಪದಲ್ಲಿ ಕೂತ. ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಳು. ತೆಪ್ಪ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಅವಳ ಕಿರುಚು ಕೇಳಿಸಿತು, ಅದರ ಹಿಂದೆಯೇ ನಗು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಆ ನಗುವನ್ನು ಗುರುಸಿದ್ದಯ್ಯ ಕೇಳಿರಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ದೋಣಿಯ ಆಚೆ ಬದಿಯಿಂದ ನಂಜುಂಡಸ್ವಾಮಿಯೂ ಕುತ್ತಿಗೆ ಎತ್ತಿ ನೋಡಿದ್ದು ಗೊತ್ತಾಯಿತು.

ತೆಪ್ಪ ಜೊಂಡಿನ ಹತ್ತಿರ ನಿಂತಿತು. ಪುಟ್ಟತಾಯಮ್ಮ ಅಂಚಿನಿಂದ ಒಂದು ಕೈ ಬಿಟ್ಟು ಜೊಂಡಿನ ಆಚೆ ಏನನ್ನೋ ತೋರಿಸಿದಳು. ಸ್ವರೂಪ್ ಕ್ಯಾಮೆರಾ ಎತ್ತಿದ. ಅವಳು ಅವನ ಮೊಣಕೈ ಹಿಡಿದು, ಸದ್ದು ಮಾಡಬೇಡ ಎಂಬಂತೆ ಬೆರಳನ್ನು ತುಟಿಯ ಮೇಲಿಟ್ಟಳು. ಪುಟ್ಟಮಾದಯ್ಯ ಹುಟ್ಟು ಮೇಲೆತ್ತಿ ಹಿಡಿದ. ಮೂವರೂ ಅಲ್ಲಾಡದೆ ಒಂದೇ ಕಡೆ ನೋಡುತ್ತ ಕೂತರು.

ಗುರುಸಿದ್ದಯ್ಯ ಎದ್ದು ನಿಂತ. ಮೆಟ್ಟಿಲಿಳಿದು, ಪಂಚೆ ನೆನೆಯುವಷ್ಟು ನೀರಿಗೆ ಇಳಿದು, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದ. ಅಲ್ಲಿಂದ ಜೊಂಡಿನ ಬೆನ್ನು ಮಾತ್ರ ಕಾಣುತ್ತಿತ್ತು.