ಸೀರೆ ಸುತ್ತಿದ ಬಿಲ್ಲು

ಕಸ್ತೂರೆಮ್ಮನಿಗೆ ಬಿಲ್ಲು ಹಿಡಿಯಲು ಬರುವುದಿಲ್ಲ ಎಂದು ಹೇಳುವ ಧೈರ್ಯ ಹನುಮಸಾಗರದಲ್ಲಿ ಯಾರಿಗೂ ಇರಲಿಲ್ಲ. ಹೇಳಿದ್ದರೂ ಆಕೆ ನಂಬುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು. ಮೆಕ್ಕೆಜೋಳದ ಹೊಲ, ಎಮ್ಮೆಗಳು, ಗಂಡ, ಮಗ, ಸೊಸೆ ಎಲ್ಲರನ್ನೂ ಒಂದೇ ಗಟ್ಟಿ ದನಿಯಲ್ಲಿ ನಡೆಸುವವಳು. ದೀಪಾವಳಿ ಮುಗಿದ ಮೇಲೆ ಕುಷ್ಟಗಿಯಲ್ಲಿ ನಡೆಯುವ ನಾಡಬಿಲ್ಲಿನ ಸ್ಪರ್ಧೆಯಲ್ಲಿ ಹೆಂಗಸರ ಬಹುಮಾನ ಎಂದರೆ ಆಕೆಯದೇ. ಗೆದ್ದು ತಂದ ಸ್ಟೀಲ್ ಕೊಡಗಳು ಅಡುಗೆಮನೆಯಲ್ಲಿ ಸಾಲಾಗಿ ಕೂತಿದ್ದವು. ಬಂದವರು ನೀರು ಕೇಳಲಿ ಬಿಡಲಿ, ಅವುಗಳಲ್ಲೊಂದರಿಂದ ಬಗ್ಗಿಸಿ ಕೊಡುತ್ತಿದ್ದಳು.

ಈ ವರ್ಷ ಸ್ಪರ್ಧೆ ನಡೆಸುವ ಸಂಘದವರ ತಲೆಗೆ ಏನು ಹೊಳೆಯಿತೋ, ನಿಯಮ ಬದಲಿಸಿಬಿಟ್ಟರು. ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಗೆ ಸೇರಿ ಒಂದೇ ಸ್ಪರ್ಧೆ. ಒಂದು ಊರಿನಿಂದ ಇಬ್ಬರು ಹೆಂಗಸರ ಜೋಡಿ, ಇಬ್ಬರಿಗೂ ಒಂದೇ ಬಿಲ್ಲು, ತಲಾ ಐದು ಬಾಣ. ಗೆದ್ದ ಜೋಡಿ ಮುಂದಿನ ತಿಂಗಳು ಕೊಪ್ಪಳದ ಜಿಲ್ಲಾ ಸ್ಪರ್ಧೆಗೆ ಹೋಗಬಹುದು. ಅಲ್ಲಿ ಮಾತ್ರ ಮತ್ತೆ ಅವರವರ ಬಿಲ್ಲು, ಅವರವರ ಆಟ. ಕೊಪ್ಪಳದಲ್ಲಿ ಇಡೀ ಜಿಲ್ಲೆಯ ಜನರ ಮುಂದೆ ಒಂದು ಸಲ ಬಿಲ್ಲು ಎತ್ತಬೇಕು ಎನ್ನುವುದು ಕಸ್ತೂರೆಮ್ಮನ ಬಹಳ ದಿನದ ಆಸೆ. ಇಷ್ಟು ವರ್ಷ ಅಲ್ಲಿಗೆ ದಾರಿಯೇ ಇರಲಿಲ್ಲ. ಈಗ ದಾರಿ ಸಿಕ್ಕಿತು, ಆದರೆ ಜೋಡಿ ಬೇಕಾಯಿತು. ಊರಲ್ಲಿ ಬಿಲ್ಲು ಮುಟ್ಟಿದ ಇನ್ನೊಬ್ಬ ಹೆಣ್ಣುಮಗಳೆಂದರೆ ಸೊಸೆ ರೇಣುಕಾ ಒಬ್ಬಳೇ. ಅವಳು ಬಿಟ್ಟ ಬಾಣವೋ, ಹಿತ್ತಲಿನ ಗುರಿಹಲಗೆಯನ್ನು ಬಿಟ್ಟು ಅದರ ಎಡಕ್ಕಿದ್ದ ಬಣವೆಗೆ ಹೋಗಿ ನಾಟುತ್ತಿತ್ತು.

ಸ್ಪರ್ಧೆಗೆ ಎರಡು ದಿನ ಉಳಿದಾಗಲೂ ಅದೇ ಕತೆ.

“ಕೈಯಾಗ ಕಸುವಿಲ್ಲ ನಿನಗ. ಕುಡಗೋಲು ಹಿಡದಂಗ ಬಿಗಿ ಹಿಡಿ,” ಎಂದಳು ಕಸ್ತೂರೆಮ್ಮ.

“ಹಿಡದೀನ್ರಿ ಅತ್ತಿ. ನೆಟ್ಟಗ ಹಲಗಿ ನೋಡೇ ಬಿಟ್ಟೀನಿ.”

“ಹಲಗಿ ನೋಡಿ ಬಿಟ್ರ ಹಲಗಿಗೆ ಬೀಳತೈತೇನು? ಆ ಬೇವಿನ ಗಿಡ ನೋಡಿ ಬಿಡು.”

ಬೇವಿನ ಗಿಡ ಇದ್ದದ್ದು ಹಲಗೆಯಿಂದ ಬಲಕ್ಕೆ, ಒಂದು ಚಕ್ಕಡಿ ತೂರುವಷ್ಟು ದೂರದಲ್ಲಿ. ರೇಣುಕಾ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ.

“ಗಿಡ ನೋಡಿ ಹಲಗಿ ಹೊಡಿಯೂದ್ರಿ? ಹಂಗಾರ ಬಿಲ್ಲಿನಾಗ ಏನೋ ದೋಷ ಐತ್ರಿ ಅತ್ತಿ!”

ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ ಪಕ್ಕೀರಪ್ಪ ತಲೆ ಎತ್ತಿದ. ಕಸ್ತೂರೆಮ್ಮನ ಗಂಡ, ಆ ಬಿದಿರಿನ ಬಿಲ್ಲನ್ನು ಮದುವೆಯಾದ ಹೊಸದರಲ್ಲಿ ಮಾಡಿಕೊಟ್ಟವನು ಅವನೇ. “ದೋಷ ನನ್ನ ಬಿಲ್ಲಿನಾಗಿಲ್ಲವಾ. ಅದರ ಮ್ಯಾಲೆ ಐತಿ,” ಎಂದ.

ಅವನು ಹೇಳಿದ್ದು ಬಟ್ಟೆಯ ವಿಷಯ. ಪ್ರತಿ ಮಹಾನವಮಿಗೆ ಕುಡಗೋಲು, ಕೊಡಲಿಗಳ ಜೊತೆ ಬಿಲ್ಲಿಗೂ ಪೂಜೆ ಆಗುತ್ತಿತ್ತು. ಆ ವರ್ಷದ ಹೊಸ ಸೀರೆಯಿಂದ ಒಂದು ಪಟ್ಟಿ ಹರಿದು ಬಿಲ್ಲಿನ ಹಿಡಿಗೆ ಸುತ್ತುವುದು ಕಸ್ತೂರೆಮ್ಮ ತಾನೇ ಹಾಕಿಕೊಂಡ ಪದ್ಧತಿ. ಪೂಜೆಯಲ್ಲಿ ಉಡಿಸಿದ್ದನ್ನು ಬಿಚ್ಚುವುದುಂಟೆ? ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೊಂದು. ಮಗ ದುರುಗೇಶ ಹುಟ್ಟಿ, ಬೆಳೆದು, ಮದುವೆಯಾಗಿ, ಭತ್ತ ಕೊಯ್ಯುವ ಮಷೀನಿನ ಜೊತೆ ಶ್ರೀರಾಮನಗರಕ್ಕೆ ಹೋಗುವಷ್ಟು ಕಾಲದಲ್ಲಿ ಆ ಹಿಡಿ ಒನಕೆಯಷ್ಟು ದಪ್ಪವಾಗಿತ್ತು.

ಬಾಣ ಬಿಲ್ಲಿನ ಎಡ ಮಗ್ಗುಲಿಗೆ ಆತುಕೊಂಡು ಹೋಗುವಂಥದ್ದು. ಒಂದೊಂದು ಸುತ್ತು ಬಟ್ಟೆ ಏರಿದಂತೆ ಅದರ ಮೂತಿ ಒಂದಿಷ್ಟು ಎಡಕ್ಕೆ ತಿರುಗಿತ್ತು. ಕಸ್ತೂರೆಮ್ಮನ ಕಣ್ಣು ಆಕೆಗೂ ಹೇಳದೆ ಅಷ್ಟಷ್ಟೇ ಬಲಕ್ಕೆ ಸರಿದಿತ್ತು. ಒದೆಯುವ ಎಮ್ಮೆಯ ಕಾಲು ಯಾವುದೆಂದು ಗೊತ್ತಿದ್ದವಳು ಒಂದು ಮಗ್ಗುಲಿಗೆ ಸರಿದು ಕೂತು ಹಾಲು ಹಿಂಡುತ್ತಾಳಲ್ಲ, ಹಾಗೆ. ಸೊಸೆಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

“ಬಿಚ್ಚಿ ಒಗಿ,” ಎಂದ ಪಕ್ಕೀರಪ್ಪ.

“ಬಿಚ್ಚಿದ್ರ ನನ್ನ ಗುರಿ ಏನಾಗತೈತಿ?”

ಪ್ರಶ್ನೆ ಇದ್ದದ್ದೇ ಅಲ್ಲಿ. ಬಟ್ಟೆ ಇದ್ದರೆ ಅತ್ತೆ ಹೊಡೆಯುತ್ತಾಳೆ, ಸೊಸೆ ತಪ್ಪುತ್ತಾಳೆ. ಬಟ್ಟೆ ಹೋದರೆ ಸೊಸೆ ಹೊಡೆದಾಳು, ಅತ್ತೆ ತಪ್ಪುತ್ತಾಳೆ. ಲೆಕ್ಕ ಹಿಡಿಯುವುದು ಇಬ್ಬರದೂ ಸೇರಿಸಿ.

“ನಾನ ಕಲೀತೀನಿ ಬಿಡ್ರಿ ಅತ್ತಿ,” ಎಂದು ರೇಣುಕಾ ಬೇವಿನ ಗಿಡ ನೋಡಿ ಬಾಣ ಬಿಟ್ಟಳು. ಒಂದು ಹಲಗೆಗೆ ಬಿತ್ತು, ಇನ್ನೊಂದು ಗಿಡಕ್ಕೇ ಬಿತ್ತು, ಮತ್ತೊಂದು ನೆಲ ಕೆದರಿತು. ಕಸ್ತೂರೆಮ್ಮ ಪಕ್ಕದಲ್ಲೇ ನಿಂತು ಅವಳ ಕೈ ನೋಡುತ್ತಿದ್ದಳು. ತಾನು ಹೇಳಿಕೊಟ್ಟಂತೆ ಹುಡುಗಿ ಮುಷ್ಟಿ ಬಿಗಿ ಹಿಡಿದಿದ್ದಳು. ಹೆದೆ ಬಿಟ್ಟ ಗಳಿಗೆಗೆ ಆ ಮುಷ್ಟಿ ಬಿಲ್ಲನ್ನೇ ತಿರುಚುತ್ತಿತ್ತು. ಸೊಸೆಯನ್ನು ಬೈದದ್ದೆಲ್ಲ ದಂಡ ಎಂದು ಆಕೆಗೆ ಆಗಲೇ ಗೊತ್ತಾಯಿತು.

“ಕೊಡಿಲ್ಲೆ,” ಎಂದು ಬಿಲ್ಲು ಕಸಿದುಕೊಂಡು ಕಟ್ಟೆಯ ಮೇಲೆ ಕೂತಳು. “ನನ್ನ ಕಣ್ಣು ತಿದ್ದಿಕೊಳ್ಳಾಕ ಅರ್ಧ ದಿನ ಸಾಕು.”

ಬಾಯಿ ಹೇಳಿದಷ್ಟು ಸಲೀಸಾಗಿ ಕೈ ಬಿಚ್ಚಲಿಲ್ಲ. ದುರುಗೇಶ ಹುಟ್ಟಿದ ವರ್ಷದ ಹಸಿರು ಬಂತು. ಮೇಲಿನ ಸುತ್ತಿನಲ್ಲಿದ್ದ ಮಗನ ಮದುವೆಯ ಕೆಂಪು ಅದಕ್ಕೂ ಮೊದಲೇ ಬಂದು ಹೋಗಿತ್ತು. ಅವ್ವ ತೀರಿದ ವರ್ಷ ಹೊಸ ಸೀರೆ ಉಟ್ಟಿರಲಿಲ್ಲ. ಅವ್ವನ ಹಳೆಯ ಸೀರೆಯದೇ ಅಂಚು ಹರಿದು ಸುತ್ತಿದ್ದಳು. ಅದು ಬೆರಳಿಗೆ ಸಿಕ್ಕಾಗ ಕಸ್ತೂರೆಮ್ಮ ಅದೊಂದನ್ನು ಮಾತ್ರ ಕೆಳಗೆ ಹಾಕಲಿಲ್ಲ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮುಂದಿನದನ್ನು ಬಿಚ್ಚಿದಳು.

ಎಲ್ಲ ಹೋದ ಮೇಲೆ ಬಿದಿರು ಕಾಣಿಸಿತು. ತೆಳ್ಳಗೆ, ನುಣ್ಣಗೆ, ಹೆಬ್ಬೆರಳಿನ ಬುಡ ಕೂಡಲೆಂದು ಒಂದು ತಗ್ಗು ಕೆತ್ತಿದ ಹಿಡಿ. ಆ ತಗ್ಗು ಇದ್ದದ್ದನ್ನೇ ಆಕೆ ಮರೆತಿದ್ದಳು. ಹೊಸ ಸೊಸೆಯಾಗಿ ಬಂದಾಗಿನ ತನ್ನ ಕೈಗೆ ಗಂಡ ಕೆತ್ತಿದ್ದು ಅದು. ಈಗ ಅಂಗೈ ಇಟ್ಟರೆ ಹೊಂದಲಿಲ್ಲ. ಹೊಲದ ಕಳೆ ತೆಗೆದು, ಸಗಣಿ ಬಾಚಿ, ನೀರು ಹೊತ್ತು ದಪ್ಪಗಾದ ಕೈ ಆ ತಗ್ಗಿನ ಮೇಲೆ ಎದ್ದು ನಿಂತಿತು.

“ನೀ ಹಿಡಿ ನೋಡೂಣು,” ಎಂದು ಸೊಸೆಗೆ ಕೊಟ್ಟಳು. ರೇಣುಕಾಳ ಕೈ ಸುಮ್ಮನೆ ಹೋಗಿ ಕೂತುಬಿಟ್ಟಿತು.

“ಹಿಡೀಬ್ಯಾಡವಾ, ಒತ್ತು,” ಎಂದ ಪಕ್ಕೀರಪ್ಪ. “ಅಂಗೈ ಬುಡದಿಂದ ಬಾಗಲಾ ನೂಕಿದಂಗ. ಬೆರಳು ಸಡ್ಲ ಬಿಡು. ಈಗ ಹಲಗಿ ನೋಡಿ ಬಿಡು.”

ಬಾಣ ಹಲಗೆಯ ನಟ್ಟನಡುವೆ ನಾಟಿತು. ಇನ್ನೊಂದು ಅದರ ಪಕ್ಕದಲ್ಲೇ.

ಕಸ್ತೂರೆಮ್ಮನಿಗೆ ಹೊಟ್ಟೆಕಿಚ್ಚಾಯಿತು. ಸಣ್ಣದಲ್ಲ, ಚೆನ್ನಾಗಿಯೇ ಆಯಿತು. ತನ್ನ ಗಂಡ ತನಗೆ ಕೆತ್ತಿದ ಹಿಡಿ, ತನ್ನ ಹದಿಹರೆಯ, ಇನ್ನೊಬ್ಬಳ ಕೈಯಲ್ಲಿ! “ಛಲೋ ಆತು,” ಎಂದವಳೇ ಹಾಲು ಉಕ್ಕಿತೇನೋ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಕುಷ್ಟಗಿಯ ಮೈದಾನದಲ್ಲಿ ಭಾನುವಾರ ಜನ ಕಿಕ್ಕಿರಿದಿದ್ದರು. ಹನುಮಸಾಗರದ ಹಲಗೆಯ ಬಲಕ್ಕೆ ಬೇವೂರಿನ ಹಲಗೆ. ಬೇವೂರು ಎಂದರೆ ಕಸ್ತೂರೆಮ್ಮನ ತವರು. ಅಲ್ಲಿಂದ ಬಂದ ವಿರೂಪಾಕ್ಷಮ್ಮ ಆಕೆಯ ಬಾಲ್ಯದ ಗೆಳತಿ, ಗುರಿಯಲ್ಲಿ ಗಟ್ಟಿಗಿತ್ತಿ. ರೇಣುಕಾ ಮೊದಲು ಹೊಡೆದಳು. ಐದೂ ಬಾಣ ಹಲಗೆ ಬಿಟ್ಟು ಆಚೆ ಹೋಗಲಿಲ್ಲ.

ಕಸ್ತೂರೆಮ್ಮ ಮುಂದೆ ಬಂದಳು. ನಿನ್ನೆಯಿಡೀ ಹಿತ್ತಲಲ್ಲಿ ಕಣ್ಣು ತಿದ್ದಿಕೊಂಡಿದ್ದಳು. ಸರಿಯಾಯಿತು ಎಂದೂ ಸಾರಿದ್ದಳು. ಆದರೆ ಅಷ್ಟು ಜನ ನೋಡುತ್ತಿರುವಾಗ ಹೆದೆ ಎಳೆದದ್ದೇ ತಡ, ಹಳೆಯ ಕಣ್ಣು ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತು. ಬಾಣ ಹಾರಿತು, ಬೇವೂರಿನ ಹಲಗೆಯ ನಟ್ಟನಡುವೆ ಚುಚ್ಚಿ ನಿಂತಿತು.

ಮೈದಾನವೆಲ್ಲ ಗೊಳ್ಳೆಂದಿತು. “ಏ ಕಸ್ತೂರಿ,” ಎಂದು ವಿರೂಪಾಕ್ಷಮ್ಮ ಕೂಗಿದಳು, “ತವರಿನ ಮ್ಯಾಲೆ ಇಷ್ಟ ಪ್ರೀತಿ ಇದ್ರ ದೀಪಾವಳಿಗೆ ಬರೂದಿತ್ತಲ್ಲ!”

ತೀರ್ಪುಗಾರ ಪ್ರಭುರಾಜ ಮಾಸ್ತರ ನಗು ನುಂಗಿಕೊಂಡು, ಅದು ಯಾರ ಲೆಕ್ಕಕ್ಕೂ ಇಲ್ಲ ಎಂದ.

ಕಸ್ತೂರೆಮ್ಮನ ಮುಖ ಕೆಂಡವಾಯಿತು. ಎರಡನೆಯದು ಹಲಗೆಯ ಅಂಚಿಗೆ ಬಿತ್ತು. ‘ಹಲಗಿ ನೋಡು, ಮೂಳ,’ ಎಂದು ತನ್ನ ಕಣ್ಣನ್ನೇ ಬೈದುಕೊಂಡಳು. ನೆಟ್ಟಗೆ ನೋಡಿ ನಿಂತರೆ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗೆ, ಎಲ್ಲ ತಪ್ಪು ಅನಿಸುತ್ತಿತ್ತು. ತಪ್ಪು ಅನಿಸಿದರೂ ಹಾಗೆಯೇ ಬಿಟ್ಟಳು. ಮೂರನೆಯದು ಒಳಗೆ ಬಂತು. ಕೊನೆಯ ಎರಡು ನಡುವಿನ ಕಪ್ಪಿಗೇ ಬಿದ್ದವು. ಲೆಕ್ಕ ಮಾಡಿದಾಗ ಎಲ್ಲ ಊರುಗಳಿಗಿಂತ ಮುಂದಿದ್ದ ಬೇವೂರು, ಹನುಮಸಾಗರ ಸರಿಸಮ.

“ಒಂದ ಬಾಣ,” ಎಂದ ಪ್ರಭುರಾಜ ಮಾಸ್ತರ. “ಜೋಡಿಯಾಗ ಒಬ್ಬರು ಹೊಡೀರಿ. ಯಾರಂತ ನೀವ ಹೇಳ್ರಿ.”

ಬೇವೂರಿನಿಂದ ವಿರೂಪಾಕ್ಷಮ್ಮ ಹೊಡೆದಳು. ಕಪ್ಪಿನ ಅಂಚು ಸವರಿಕೊಂಡು ನಿಂತಿತು ಬಾಣ.

ರೇಣುಕಾ ಬಿಲ್ಲನ್ನು ಅತ್ತೆಯತ್ತ ಚಾಚಿದಳು. “ನೀವ ಹೊಡೀರಿ ಅತ್ತಿ.”

ಕಸ್ತೂರೆಮ್ಮ ಬಿಲ್ಲು ತೆಗೆದುಕೊಂಡಳು. ಹೆಬ್ಬೆರಳಿನ ಬುಡ ಆ ತಗ್ಗಿನಲ್ಲಿ ಜಾಗ ಹುಡುಕಿತು, ಸಿಗಲಿಲ್ಲ. ಒಮ್ಮೆ ಹಲಗೆ ನೋಡಿದಳು, ಒಮ್ಮೆ ತನ್ನ ಕೈ ನೋಡಿದಳು. ಇಂಥ ಹೊತ್ತಿನಲ್ಲಿ ಬಿಲ್ಲು ಬಿಟ್ಟುಕೊಟ್ಟರೆ ಜನ ದೊಡ್ಡ ಮನಸ್ಸು ಅನ್ನುತ್ತಾರೆ. ಆಕೆಯದು ದೊಡ್ಡ ಮನಸ್ಸಲ್ಲ, ಆಸೆ.

“ತಗೋ, ನೀ ಹೊಡಿ,” ಎಂದಳು. “ನನಗ ಕೊಪ್ಪಳ ಬೇಕು.”

“ತಪ್ಪಿದ್ರ, ಅತ್ತಿ?”

“ತಪ್ಪಿದ್ರ ಮನಿಗೆ ಬಾ, ಮಾತಾಡೂಣು.”

ರೇಣುಕಾ ನಕ್ಕಳು. ನಕ್ಕದ್ದರಿಂದಲೇ ಇರಬೇಕು, ಬೆರಳುಗಳು ಸಡಿಲಾದವು. ಅಂಗೈ ಬುಡದಿಂದ ಬಿಲ್ಲನ್ನು ನೂಕಿ ನಿಂತಳು, ಬಿಟ್ಟಳು. ಬಾಣ ಕಪ್ಪಿನ ನಡುವೆ ಕೂತಿತು. ಹನುಮಸಾಗರದವರು ಹಾಕಿದ ಕೇಕೆಗೆ ಬೇವೂರಿನವರ ಮಾತೂ ಕೇಳದಾಯಿತು. ಕಸ್ತೂರೆಮ್ಮ ಸೊಸೆಯ ಬೆನ್ನಿಗೆ ಗುದ್ದಿದ ಗುದ್ದಿಗೆ ಆ ಹುಡುಗಿ ಮುಂದಕ್ಕೆ ಮುಗ್ಗರಿಸಿದಳು. ಹೊಟ್ಟೆಕಿಚ್ಚು ಹೋಗಿರಲಿಲ್ಲ, ಅದರ ಮೇಲೆ ಹೆಮ್ಮೆ ಕೂತಿತ್ತು, ಇನ್ನೂ ಭಾರವಾಗಿ.

ಆಮೇಲೆ ಆಕೆ ನೆಟ್ಟಗೆ ಗಂಡನ ಮುಂದೆ ಹೋಗಿ ನಿಂತಳು.

“ಆ ಬಿಲ್ಲು ಇನ್ನ ಮ್ಯಾಲೆ ರೇಣುಕಾಂದು. ನನಗ ಬ್ಯಾರೆ ಮಾಡ್ರಿ.”

“ಯಾವಾಗ?”

“ಮುಂದಿನ ತಿಂಗಳು ಕೊಪ್ಪಳ ಐತಿ. ಯಾವಾಗ ಅಂತ ನನ್ನ ಕೇಳತೀರೇನು? ಈಗಿನ ಕೈಗೆ ಮಾಡ್ರಿ, ಆವಾಗಿನ ಕೈಗಲ್ಲ.”

ಪಕ್ಕೀರಪ್ಪ ಎದ್ದ. ಎರಡೂ ತಾಲೂಕಿನ ಜನರ ಎದುರಿಗೆ ಹೆಂಡತಿಯ ಎಡಗೈ ಹಿಡಿದು ಬೆರಳು ಬಿಡಿಸಿದ. ಹೆಬ್ಬೆರಳಿನ ಬುಡ, ಅಂಗೈಯ ಅಗಲ, ಜಡ್ಡುಗಟ್ಟಿದ ಕಡೆ, ಒಂದೊಂದನ್ನೂ ತನ್ನ ಬೆರಳಿನಿಂದ ಒತ್ತಿ ನೋಡತೊಡಗಿದ. ತವರಿನ ಹಲಗೆಗೆ ಬಾಣ ಹೊಡೆದಾಗಲೂ ತಲೆ ತಗ್ಗಿಸದಿದ್ದವಳು ಈಗ ನೆಲ ನೋಡಿದಳು.

“ಎಲ್ಲಾರೂ ನೋಡಾಕತ್ತಾರ್ರಿ.”

“ನೋಡ್ಲಿ. ಸುಮ್ನ ನಿಂದ್ರು, ಅಳತಿ ತಪ್ಪತೈತಿ.”

ಕಸ್ತೂರೆಮ್ಮ ಸುಮ್ಮನೆ ನಿಂತಳು.